ಹಲ್ಲಣ್ಣನ ಮಂಗಳವಾರಗಳು

ಹಲ್ಲಣ್ಣ ತೀರಿಕೊಂಡ. ಬುಧವಾರ ಬೆಳಗಿನ ಜಾವ, ಆಸ್ಪತ್ರೆಯಲ್ಲಿ, ನಿದ್ದೆಯಲ್ಲೇ. ಶ್ವಾಸಕೋಶ ಹಾಳಾಗಿ ಬಹಳ ದಿನವಾಗಿತ್ತು. ಹೆಂಡತಿ ಹಾಸಿಗೆಯ ಪಕ್ಕದ ಕುರ್ಚಿಯಲ್ಲೇ ಇದ್ದಳು. ಮಗಳು ಮೊದಲ ರೈಲು ಹಿಡಿದು ಬರುವಷ್ಟರಲ್ಲಿ ಆ ಹಾಸಿಗೆಗೆ ಬೇರೆ ಹೊದಿಕೆ ಹಾಸಿಯಾಗಿತ್ತು.

ಹಲ್ಲಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಗೆಳೆಯರು ಕರೆದು ಕರೆದು ಅಂಟಿಸಿದ್ದು. ಹಾಗಂತ ಅವನು ಹಲ್ಲಿನ ಡಾಕ್ಟರೂ ಅಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ದವಡೆ ಮೂಡಿಸಿ, ಗುಲಾಬಿ ಬಣ್ಣದ ಮೇಣದಲ್ಲಿ ವಸಡು ಕಟ್ಟಿ, ಅದರೊಳಗೆ ಒಂದೊಂದೇ ಹಲ್ಲು ಕೂರಿಸುವುದು ಅವನ ಕೆಲಸ. ಔಷಧಿ ಅಂಗಡಿಯ ಮೇಲಿನ ಉದ್ದನೆಯ ಕೋಣೆ. ಗೋಡೆಯ ಉದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಸಾಲಾಗಿ ಬಿಳಿ ದವಡೆಗಳು, ಪ್ರತಿಯೊಂದರ ಬುಡದಲ್ಲೂ ಪೆನ್ಸಿಲಿನಲ್ಲಿ ಬರೆದ ಹೆಸರು. ಮೊದಲ ಸಲ ಒಳಗೆ ಬಂದವರಿಗೆ ಊರಿನ ಮುದುಕರೆಲ್ಲ ಗೋಡೆಗೆ ಒರಗಿ ನಗುತ್ತಿದ್ದಾರೇನೋ ಅನ್ನಿಸುತ್ತಿತ್ತು. ಅರೆಯುವ ಮೋಟರಿನ ಸದ್ದಿನಲ್ಲಿ ದಿನವಿಡೀ ಅವನೊಬ್ಬನೇ. ಸಂಜೆ ಮನೆಗೆ ಹೊರಟಾಗ ಹುಬ್ಬಿನ ಮೇಲೆಲ್ಲ ಬಿಳಿ ಧೂಳು. ಮೂಗಿಗೊಂದು ಬಟ್ಟೆ ಕಟ್ಟಿಕೊಳ್ಳೋ ಎಂದರೆ, ಕಟ್ಟಿಕೊಂಡರೆ ಕನ್ನಡಕ ಮಂಜಾಗುತ್ತದೆ ಎನ್ನುತ್ತಿದ್ದ.

ಹೆಂಡತಿಗೆ ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ. ಅಲ್ಲಿನವರು ಅವಳನ್ನು ಕೌಂಟರಮ್ಮ ಎಂದು ಕರೆಯುತ್ತಿದ್ದರು. ಕೊನೆಗೆ ನಮಗೂ ಅದೇ ರೂಢಿಯಾಯಿತು. ಅವಳದು ದಿನವಿಡೀ ಗಾಜಿನಲ್ಲಿ ಕೊರೆದ ಒಂದು ತೂತಿನ ಮೂಲಕ ಮಾತು. "ಎಲ್ಲಿಗೆ? ಎಷ್ಟು ಜನ? ಹೋಗಿ ಬರೋದಾ, ಬರೀ ಹೋಗೋದಾ? ಚಿಲ್ಲರೆ ಇದ್ಯಾ?" ಒಮ್ಮೆ ಮನೆಯಲ್ಲಿ ಮಗಳಿಗೆ ಊಟ ಮಾಡಿಸಿ ಬಾಯಿ ಒರೆಸಿದವಳೇ, "ಹ್ಞಾ, ಮುಂದಿನವರು ಬನ್ನಿ" ಎಂದುಬಿಟ್ಟಿದ್ದಳಂತೆ.

ಹೀಗೆ ಒಬ್ಬರಿಗೆ ಹಗಲೆಲ್ಲ ಮಾತು, ಇನ್ನೊಬ್ಬರಿಗೆ ಹಗಲೆಲ್ಲ ಮೌನ. ಮನೆಗೆ ಬಂದರೆ ಅವಳಿಗೆ ಮಾತನಾಡಲು ಗಂಟಲಿಲ್ಲ, ಅವನಿಗೆ ಅಭ್ಯಾಸವಿಲ್ಲ. ಮದುವೆಯಾಗಿ ಕೆಲವು ವರ್ಷಗಳಲ್ಲೇ ಅವರ ಮಾತು ಹಾಲು ಬಂತಾ, ಬಾಗಿಲು ಹಾಕಿದ್ಯಾ, ಮಗು ಮಲಗಿತಾ ಎಂಬಲ್ಲಿಗೆ ಬಂದು ನಿಂತಿತ್ತು. ಜಗಳವೂ ಇರಲಿಲ್ಲ. ಅವಳ ತಾಯಿ ಬಂದು ಒಂದು ವಾರ ಇದ್ದು ನೋಡಿ, "ಊಟ ಬಲ್ಲವನಿಗೆ ರೋಗ ಇಲ್ಲ, ಮಾತು ಬಲ್ಲವನಿಗೆ ಜಗಳ ಇಲ್ಲ ಅಂತಾರೆ. ನಿನ್ನ ಗಂಡನಿಗೆ ಮಾತೂ ಬರಲ್ಲ, ಜಗಳಾನೂ ಬರಲ್ಲ. ಇದ್ಯಾವ ಜಾತಿ ಗಂಡಸೇ?" ಎಂದಿದ್ದಳು.

ಆ ವಾರವೇ ಮಂಗಳವಾರ ಸಂಜೆ ಗ್ಯಾಸ್ ಮುಗಿಯಿತು. ಬುಧವಾರ ಕೌಂಟರಮ್ಮನಿಗೆ ವಾರದ ರಜೆ. "ನನಗೂ ಮಗೂಗೂ ಹಾಲು ಬ್ರೆಡ್ಡು ಸಾಕು. ನೀವಿಬ್ಬರೂ ಹೊರಗೆ ಹೋಗಿ ಏನಾದ್ರೂ ತಿಂದ್ಕೊಂಡು ಬನ್ನಿ, ಹೋಗಿ" ಎಂದು ತಾಯಿ ಇಬ್ಬರನ್ನೂ ಹೊರಗೆ ಹಾಕಿದಳು.

ಬಸ್ ನಿಲ್ದಾಣದ ಹಿಂದಿನ ಒಂದು ನೂಡಲ್ಸ್ ಅಂಗಡಿ. ಅಲ್ಲಾಡುವ ಸ್ಟೂಲು, ಹಬೆ, ಎಣ್ಣೆ ಮೆತ್ತಿದ ಗೋಡೆ. ಬಟ್ಟಲು ಬಂದು ಮೇಜಿನ ಮೇಲೆ ಕೂತದ್ದೇ ತಡ, ಹಲ್ಲಣ್ಣ ಬಾಯಿಬಿಟ್ಟ.

"ನಿನಗೆ ಹೇಳಿದ್ನಾ, ಬ್ಯಾಂಡಿನಲ್ಲಿ ಟ್ರಂಪೆಟ್ ಊದೋ ಅಜ್ಜ ಒಬ್ರು ಬಂದಿದ್ರು ಅಂತ?"

"ನೀವು ನನಗೆ ಏನು ತಾನೇ ಹೇಳಿದ್ದೀರಿ?"

"ಎರಡು ಸಲ ಸೆಟ್ ಮಾಡಿಕೊಟ್ಟೆ. ಊಟಕ್ಕೆ ಭೇಷಾಗಿದೆ ಅಂತಾರೆ, ಊದೋಕೆ ಕೂತ್ರೆ ಹಲ್ಲು ಟ್ರಂಪೆಟ್ ಒಳಗೆ ಹೋಗುತ್ತಂತೆ. ಕೊನೆಗೆ ನಾನೇ ಹೇಳ್ದೆ, ಅಜ್ಜಾ, ಆ ವಾದ್ಯಾನ ಇಲ್ಲಿಗೇ ತನ್ನಿ, ನನ್ನೆದುರಿಗೆ ಊದಿ ಅಂತ. ತಂದ್ರು. ಊದಿದ್ರು. ಹಲಗೆ ಮೇಲಿನ ದವಡೆಗಳೆಲ್ಲ ಕಟಕಟ ಅಂತ ನಡುಗಿದ್ವು ಕಣೇ! ಕೆಳಗಿನ ಔಷಧಿ ಅಂಗಡಿಯವರು, ಕಟ್ಟಡ ಬಿತ್ತು ಅಂತ ಓಡಿ ಬಂದ್ರು. ಅಜ್ಜ ನಿಲ್ಲಿಸಲೇ ಇಲ್ಲ. ಕಣ್ಣಲ್ಲಿ ನೀರು ಸುರೀತಿದೆ, ಊದ್ತಾನೇ ಇದ್ದಾರೆ."

ಕೌಂಟರಮ್ಮ ಚಮಚ ಕೈಯಲ್ಲೇ ಹಿಡಿದು ಕೂತಿದ್ದಳು. ಈ ಮನುಷ್ಯನಿಗೆ ಇಷ್ಟು ಮಾತು ಬರುತ್ತದೆಯೇ! ಅಂಗಡಿಯವನು ಬೇರೆ ಮೇಜುಗಳ ಮೇಲೆ ಸ್ಟೂಲು ಹತ್ತಿಸುವವರೆಗೂ ಅವನು ಮಾತಾಡಿದ. ಮನೆಯ ಬಾಗಿಲು ದಾಟಿದ್ದೇ ಬಾಯಿಗೆ ಮತ್ತೆ ಬೀಗ.

ಮುಂದಿನ ಮಂಗಳವಾರ ಅವಳೇ ಗಂಡನನ್ನು ಅದೇ ಅಂಗಡಿಗೆ ಕರೆದೊಯ್ದಳು. ಅದೇ ಸ್ಟೂಲು, ಅದೇ ಹಬೆ. ಅವನು ಬಟ್ಟಲು ಖಾಲಿ ಮಾಡಿ, ಗೋಡೆ ನೋಡಿ, "ಹೋಗೋಣ್ವಾ?" ಎಂದ. ಅವಳಿಗೆ ಅಳುವೇ ಬಂತು. ಅದರ ಮರುವಾರ ಹಟಕ್ಕೆ ಬಿದ್ದು ಬೇರೊಂದು ಕಡೆ ಹೋದಳು. ಅಲ್ಲಿ ಕೂತ ಸ್ವಲ್ಪ ಹೊತ್ತಿಗೇ ಅವನ ಬಾಯಿಂದ ಹರಿದು ಬಂತು ನೋಡಿ, ಬಾಲ್ಯ, ಅಪ್ಪನ ಸೈಕಲ್ಲು, ಯಾರಿಗೂ ಹೇಳದ ಒಂದು ಹೆದರಿಕೆ.

"ಮನೇಲಿ ಯಾಕ್ರೀ ಮಾತಾಡಲ್ಲ ನೀವು?"

ಅವನು ಯೋಚಿಸಿ ಹೇಳಿದ: "ಮನೆ ಗೋಡೆಗೆ ನಾನು ಹೇಳೋದೆಲ್ಲ ಗೊತ್ತು ಅನ್ಸುತ್ತೆ. ಹೊಸ ಗೋಡೆ ಕಂಡ್ರೆ ಹೇಳಬೇಕು ಅನ್ಸುತ್ತೆ."

ಆ ದಿನದಿಂದ ಕೌಂಟರಮ್ಮನಿಗೆ ವಾರದುದ್ದಕ್ಕೂ ಒಂದೇ ಚಿಂತೆ. ಮಂಗಳವಾರಕ್ಕೊಂದು ಹೊಸ ಹೋಟೆಲು ಬೇಕು. ಸಿಕ್ಕರೆ ಆ ವಾರ ಗಂಡ ಇದ್ದಾನೆ, ಸಿಗದಿದ್ದರೆ ಇಲ್ಲ.

ನಿಯಮಗಳು ತಾವಾಗಿಯೇ ಹುಟ್ಟಿಕೊಂಡವು. ಹೋದಲ್ಲಿಗೆ ಮತ್ತೆ ಹೋಗುವಂತಿಲ್ಲ. ಮೇಜಿನ ಮುಂದೆ ಮನೆಯ ಮಾತು ಎತ್ತುವಂತಿಲ್ಲ. ಊಟ ಎಷ್ಟೇ ಕೆಟ್ಟದಾಗಿರಲಿ, ಹೋಟೆಲಿನಲ್ಲಿ ಅದರ ಬಗ್ಗೆ ತುಟಿ ಬಿಚ್ಚಬಾರದು. ದೂರುಗಳೇನಿದ್ದರೂ ಮನೆಯ ಮೆಟ್ಟಿಲ ಮೇಲೆ. ಮನೆ ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ದೂರಿಗೆ ಬೇಕಾದಷ್ಟು ಮೆಟ್ಟಿಲುಗಳಿದ್ದವು.

"ಮಗು ಹುಟ್ಟಿದ ಮೇಲೆ ಪ್ರೀತಿ ಶುರುವಾಯ್ತು ಇವರಿಗೆ. ಎಲ್ಲಾ ತಲೆಕೆಳಗು" ಎಂದು ಅವಳ ತಾಯಿ ನೆಂಟರಿಗೆಲ್ಲ ಹೇಳಿಕೊಂಡು ನಕ್ಕಳು. ಆದರೆ ಮಂಗಳವಾರ ಬಂತೆಂದರೆ ಮೊಮ್ಮಗಳನ್ನು ನೋಡಿಕೊಳ್ಳಲು ಚೀಲ ಹಿಡಿದು ಎಲ್ಲರಿಗಿಂತ ಮೊದಲೇ ಹಾಜರು.

ಊರಿನ ಹೋಟೆಲುಗಳು ಮುಗಿಯುತ್ತ ಬಂದಾಗ ಕೌಂಟರಮ್ಮ ಗಾಜಿನ ತೂತಿನಲ್ಲೇ ವಿಚಾರಣೆ ಶುರುಮಾಡಿದಳು. ಟಿಕೆಟ್ ಹರಿದು ಕೊಡುತ್ತ, "ನಿಮ್ಮೂರಲ್ಲಿ ಊಟಕ್ಕೆ ಒಳ್ಳೆ ಜಾಗ ಯಾವುದು?" ಎಂದು ಕೇಳುವಳು. ಪ್ರಯಾಣಿಕರಿಗೆ ಮೊದಲು ಗಾಬರಿ, ಆಮೇಲೆ ಉತ್ಸಾಹ. "ಸ್ಟೇಷನ್ನಿಂದ ಇಳಿದು ಎಡಕ್ಕೆ ಹೋಗಿ ಮೇಡಂ, ಹಳದಿ ಬಾಗಿಲು, ಕೋಳಿ ಸುಡ್ತಾರೆ..." ಅಷ್ಟರಲ್ಲಿ ಸಾಲಿನ ಹಿಂದಿನಿಂದ ಕೂಗು: "ಅಮ್ಮಾ, ರೈಲು ಹೊರಡ್ತಾ ಇದೆ, ನೀವು ಕೋಳಿ ಸುಡ್ತಾ ಕೂತಿದ್ದೀರಲ್ಲ!" ಹೀಗೆ ಸಿಕ್ಕಿದ ಗುರುತು ಹಿಡಿದು ಇಬ್ಬರೂ ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ ಮೂರು ನಿಲ್ದಾಣ ಆಚೆ ಹೋಗಿ, ಉಂಡು, ಮಾತಾಡಿ, ವಾಪಸು ರೈಲಿನಲ್ಲಿ ಒಬ್ಬರ ಹೆಗಲಿಗೊಬ್ಬರು ಒರಗಿ ಬರುತ್ತಿದ್ದರು.

ಹಲ್ಲಣ್ಣನ ಜೊತೆ ಹೋಟೆಲಿಗೆ ಹೋಗುವುದರಲ್ಲಿ ಒಂದು ಕಷ್ಟವಿತ್ತು. ಅವನ ಕಣ್ಣು ಸದಾ ಅಕ್ಕಪಕ್ಕದವರ ಬಾಯಿಯ ಮೇಲೆ.

"ರೀ, ನೋಡೋದಾದ್ರೆ ನನ್ನ ಮುಖ ನೋಡಿ. ಆ ಹೆಂಗಸಿನ ಗಂಡ ಆಗ್ಲೇ ಎರಡು ಸಲ ತಿರುಗಿದ."

"ಅವಳ ಮುಖ ಯಾರು ನೋಡಿದ್ರು? ದವಡೆ ಹಲ್ಲು ಎರಡು ಇಲ್ಲ. ಎಲ್ಲಾ ಬಲಗಡೇನೇ ಅಗೀತಿದ್ದಾಳೆ."

"ಹೊಡೆಸಿಕೊಂಡ್ರೆ ನಿಮಗೂ ಎರಡು ಇರಲ್ಲ. ಸುಮ್ನೆ ತಿನ್ನಿ."

ಒಮ್ಮೆ ಒಂದು ದೊಡ್ಡ ಹೋಟೆಲಿನಲ್ಲಿ, ಬಿಳಿ ಬಟ್ಟೆ ಹಾಸಿದ ಮೇಜುಗಳ ನಡುವೆ, ಹಲ್ಲಣ್ಣ ಮಾತಿನ ಮಧ್ಯೆ ಕಿವಿ ನಿಮಿರಿಸಿದ. ಎರಡು ಮೇಜಿನಾಚೆ ಒಬ್ಬ ಮುದುಕಿ ಮಗ ಸೊಸೆಯರೊಂದಿಗೆ ಊಟ ಮಾಡುತ್ತಿದ್ದಳು. ಅವಳು ಅಗಿದಾಗಲೆಲ್ಲ ಒಂದು ಸಣ್ಣ ಟಕ್ ಶಬ್ದ.

"ನಂದು" ಎಂದ ಹಲ್ಲಣ್ಣ.

"ಏನು ನಿಮ್ದು?"

"ಆ ಹಲ್ಲು. ನಾನೇ ಮಾಡಿದ್ದು. ಎಡಗಡೆ ಕೂದಲೆಳೆಯಷ್ಟು ಎತ್ತರ ಆಗಿದೆ. ಅಯ್ಯೋ, ಪಾಪ, ಎಷ್ಟು ದಿನದಿಂದ ಹೀಗೆ ಒದ್ದಾಡ್ತಿದ್ದಾರೋ!"

ಕೌಂಟರಮ್ಮ ಗಂಡನ ಅಂಗಿಯ ಚುಂಗು ಹಿಡಿದಳು. ಅಂಗಿ ಕೈಯಿಂದ ಜಾರಿತು. ಅವನು ಆಗಲೇ ಆ ಮೇಜಿನ ಮುಂದೆ ನಿಂತು, "ಅಮ್ಮಾ, ತಪ್ಪು ತಿಳ್ಕೋಬೇಡಿ, ಎಡಗಡೆ ಒಂಚೂರು ಒತ್ತುತ್ತೆ ಅಲ್ವಾ?" ಎನ್ನುತ್ತಿದ್ದ. ಮಗ ಕುರ್ಚಿ ಹಿಂದೆ ತಳ್ಳಿ ಎದ್ದ. "ಯಾರ್ರೀ ನೀವು? ಊಟ ಮಾಡೋ ಹೊತ್ತಲ್ಲಿ ನಮ್ಮಮ್ಮನ ಬಾಯಿ ಸುದ್ದಿ ನಿಮಗ್ಯಾಕೆ?" ಮುದುಕಿ ಮಾತ್ರ ಮಗನ ಕೈ ಸರಿಸಿ, ಹಲ್ಲಣ್ಣನನ್ನೇ ದಿಟ್ಟಿಸಿ, ಕರವಸ್ತ್ರ ಅಡ್ಡ ಹಿಡಿದು ಸೆಟ್ ತೆಗೆದು ಅವನ ಕೈಗಿಟ್ಟಳು. ಅವನು ಲೋಟದ ನೀರಿನಲ್ಲಿ ಅದ್ದಿ, ಜೇಬಿನಿಂದ ಪುಟ್ಟ ಅರ ತೆಗೆದು, ಆ ಬಿಳಿ ಮೇಜುಬಟ್ಟೆಯ ಪಕ್ಕದಲ್ಲೇ ನಿಂತು ಉಜ್ಜತೊಡಗಿದ. ಇಡೀ ಹೋಟೆಲು ತಿನ್ನುವುದನ್ನು ನಿಲ್ಲಿಸಿತು. ಮುದುಕಿ ಮತ್ತೆ ಹಾಕಿಕೊಂಡು, ಒಂದು ತುತ್ತು ಮಾಂಸ ಅಗಿದು, ನುಂಗಿ ಹೇಳಿದಳು: "ಈಗ ಸರಿಹೋಯ್ತಪ್ಪ. ಇವನಿಗೆ ಎಷ್ಟು ಸಲ ಹೇಳ್ದೆ, ಒತ್ತುತ್ತೆ ಕಣೋ ಅಂತ. ವಯಸ್ಸಾಯ್ತಮ್ಮಾ ಅಂತಾನೆ."

ಅವತ್ತು ಮೆಟ್ಟಿಲ ಮೇಲೆ ಕೌಂಟರಮ್ಮನ ದೂರಿಗೆ ಮೂರು ಮಹಡಿಯೂ ಸಾಲಲಿಲ್ಲ. ಬಾಗಿಲ ಮುಂದೆ ನಿಂತು ಮುಗಿಸಬೇಕಾಯಿತು.

ವರ್ಷಗಳು ಹೀಗೆ ಹೋದವು. ಮಗಳು ಓದಿ, ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಮದುವೆಯಾದಳು. ಅಜ್ಜಿ ಹೋದಳು. ಮಂಗಳವಾರ ನಿಲ್ಲಲಿಲ್ಲ.

ಅದು ನಿಂತದ್ದು ಹಲ್ಲಣ್ಣನ ಹಲ್ಲಿನಿಂದ.

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಅವನು ತನ್ನ ಅಂಗಡಿಯ ಪುಕ್ಕಟೆ ಜಾಹೀರಾತು ಎನ್ನುತ್ತಿದ್ದ. ಆ ಜಾಹೀರಾತು ಈಗ ಅವನ ಮನೆಗೇ ಬಂತು. ವಸಡಿಗೆ ರೋಗ ಹತ್ತಿ ಹಲ್ಲುಗಳೆಲ್ಲ ಅಲ್ಲಾಡತೊಡಗಿದವು. ಎಲ್ಲವನ್ನೂ ಕೀಳದೆ ಗತಿಯಿಲ್ಲ ಎಂದರು ಡಾಕ್ಟರು. "ಕೀಳೋ ಮೊದಲು ಒಂದು ಅಚ್ಚು ತೆಗೆದಿಡೋಣ. ಹೊಸ ಸೆಟ್ ಮಾಡುವಾಗ ಹಳೇದರ ಗುರುತು ಇರುತ್ತೆ."

"ನನ್ನ ಬಾಯಿ ನನಗೆ ಗೊತ್ತಿಲ್ವಾ ಡಾಕ್ಟ್ರೇ? ದಿನಾ ಬೆಳಿಗ್ಗೆ ಗಡ್ಡ ಕೆರೆಯುವಾಗ ನೋಡ್ತೀನಲ್ಲ" ಎಂದು ಹಲ್ಲಣ್ಣ ನಕ್ಕುಬಿಟ್ಟ.

ಕಿತ್ತ ಮೇಲೆ ವಸಡು ಮಾಯುವವರೆಗೆ ಕಾಯಬೇಕು. ಆ ತಿಂಗಳುಗಳಲ್ಲಿ ಅವಳು ಹೋಟೆಲಿನ ಹೆಸರೆತ್ತಿದರೆ ಅವನು ಅಡ್ಡಡ್ಡ ತಲೆಯಾಡಿಸುತ್ತಿದ್ದ. "ಹಲ್ಲು ಕಟ್ಟೋನೇ ಬೊಚ್ಚುಬಾಯಿ ಬಿಟ್ಕೊಂಡು ಕೂತ್ರೆ ಯಾರು ನೋಡ್ತಾರೆ? ಬೇಡ ಬಿಡು." ಅಂಗಡಿಗೆ ಹೋಗುವಾಗಲೂ ಬಾಯಿಗೆ ಕರವಸ್ತ್ರ. ವರ್ಷಗಟ್ಟಲೆ ಧೂಳಿಗೆ ಕಟ್ಟದ ಬಟ್ಟೆಯನ್ನು ಈಗ ನಾಚಿಕೆಗೆ ಕಟ್ಟಿದ.

ಕೌಂಟರಮ್ಮ ಬಗೆಬಗೆಯ ಉಪಾಯ ಹೂಡಿದಳು. ಹೊಸ ಹೋಟೆಲುಗಳಿಂದ ಸೂಪು ಕಟ್ಟಿಸಿಕೊಂಡು ತಂದಳು. ಅವನು ಕುಡಿದು, "ಚೆನ್ನಾಗಿದೆ" ಎಂದು ಲೋಟ ತೊಳೆದಿಟ್ಟ. ಮೇಜನ್ನು ಎಳೆದು ಕಿಟಕಿಯ ಹತ್ತಿರ ಹಾಕಿದಳು. ಅವನು ಕಿಟಕಿಯಾಚೆ ನೋಡಿದ. ಮಗಳು ಫೋನಿನಲ್ಲಿ "ಅಪ್ಪ ಏನಂತಾರಮ್ಮಾ?" ಎಂದು ಕೇಳಿದರೆ, "ಏನೂ ಅನ್ನಲ್ಲ. ಅದೇ ಆಗಿರೋದು" ಎಂದಳು.

ಒಂದು ಸಂಜೆ ಅವಳ ಸಹನೆಯ ಕಟ್ಟೆಯೊಡೆಯಿತು. ಪಾತ್ರೆಯನ್ನು ಸದ್ದಾಗುವಂತೆ ಕೆಳಗಿಟ್ಟು ಹೇಳಿದಳು: "ದಿನವಿಡೀ ಗಾಜಿನ ಮುಂದೆ ಕೂತು ಸಾಕಾಗಿದೆ ನನಗೆ. ಮನೆಗೆ ಬಂದ್ರೂ ಗಾಜೇ. ಅಲ್ಲಾದ್ರೂ ಒಂದು ತೂತಿದೆ ಕಣ್ರೀ, ಮಾತು ಈಚೆ ಬರುತ್ತೆ!"

ಮರುದಿನವೇ ಅವನು ಡಾಕ್ಟರ ಹತ್ತಿರ ಹೋಗಿ ವಸಡಿನ ಅಚ್ಚು ತೆಗೆಸಿಕೊಂಡು ಬಂದನೆಂದು, ಬೇರೆಯವರ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು ತನ್ನ ಸೆಟ್ಟಿಗೆ ಕೈಹಾಕಿದನೆಂದು ಔಷಧಿ ಅಂಗಡಿಯವರು ಆಮೇಲೆ ಹೇಳಿದರು. ಅಷ್ಟು ಅವಸರದಲ್ಲಿ ಅವನು ಯಾವತ್ತೂ ಕೆಲಸ ಮಾಡಿರಲಿಲ್ಲವಂತೆ.

ಕೌಂಟರಮ್ಮನಿಗೆ ಗೊತ್ತಾದದ್ದು ಒಂದು ಮಂಗಳವಾರ ಸಂಜೆ, ಕೌಂಟರು ಮುಚ್ಚುವ ಹೊತ್ತಿಗೆ. ಅವಳು ತಲೆಯೆತ್ತದೆ, "ಎಲ್ಲಿಗೆ? ಎಷ್ಟು ಜನ?" ಎಂದಳು.

"ಇಬ್ಬರು. ಎಲ್ಲಿಗೆ ಅಂತ ನೀವೇ ಹೇಳಬೇಕು ಮೇಡಂ."

ಗಾಜಿನಾಚೆ ಹಲ್ಲಣ್ಣ, ಬಾಯಿ ತುಂಬ ಹಲ್ಲು.

ಸೇತುವೆಯ ಪಕ್ಕ ಹೊಸದಾಗಿ ತೆರೆದಿದ್ದ ಮೀನಿನ ಹೋಟೆಲಿಗೆ ಹೋದರು. ಕೂತದ್ದೇ ಅವನು ಶುರುಮಾಡಿದ. ಕಟ್ಟೆ ಒಡೆದ ಕೆರೆಯ ಹಾಗೆ ತಿಂಗಳುಗಟ್ಟಲೆಯ ಮಾತು. ಡಾಕ್ಟರ ಹೊಸ ಕಾಂಪೌಂಡರು, ಕಟ್ಟಿಸಿದ ಹಲ್ಲನ್ನು ಬೆಕ್ಕು ಕಚ್ಚಿಕೊಂಡು ಹೋಯಿತೆಂದು ಅಳುತ್ತ ಬಂದ ನಿವೃತ್ತ ಪೊಲೀಸಪ್ಪ, ಹಲ್ಲಿಲ್ಲದ ದಿನಗಳಲ್ಲಿ ತಾನು ಕನಸಿನಲ್ಲಿ ತಿಂದ ಸೇಬು. ಕೌಂಟರಮ್ಮ ನಗುತ್ತ ಕೇಳುತ್ತ ಅವನ ಮುಖವನ್ನೇ ನೋಡುತ್ತಿದ್ದಳು. ಏನೋ ಸರಿಯಿಲ್ಲ ಅನ್ನಿಸಿತು. ದಿನಾ ನೋಡುವ ಕೋಣೆಯಲ್ಲಿ ಯಾರೋ ಗಡಿಯಾರವನ್ನು ಈ ಗೋಡೆಯಿಂದ ಆ ಗೋಡೆಗೆ ಹಾಕಿದಂತೆ.

ಮೀನಿನ ಮುಳ್ಳು ಬಿಡಿಸುವಾಗ ಹೊಳೆಯಿತು.

ಕೀಳುವ ಮೊದಲು ಹಲ್ಲಣ್ಣನ ಎಡಗಡೆಯ ಕೋರೆಹಲ್ಲು ಸೊಟ್ಟಗಿತ್ತು. ಪಕ್ಕದ ಹಲ್ಲಿನ ಹೆಗಲ ಮೇಲೆ ಕೈ ಹಾಕಿದ ಹಾಗೆ ಮುಂದೆ ಬಂದು ನಿಂತಿತ್ತು. ಹಲ್ಲೆಲ್ಲ ಸರಪಳಿಯ ಹಾಗೆ ಸಮವಾಗಿದ್ದರೆ ಅದು ಅಂಗಡಿ ಹಲ್ಲು ಎಂದು ತಕ್ಷಣ ಗೊತ್ತಾಗುತ್ತದೆ, ಒಂದಾದರೂ ಅಂಕುಡೊಂಕು ಇರಬೇಕು ಎಂಬುದು ಅವನ ಸಿದ್ಧಾಂತ. ಅದಕ್ಕೇ ತನ್ನ ಸೆಟ್ಟಿನಲ್ಲೂ ಆ ಸೊಟ್ಟ ಹಲ್ಲನ್ನು ಹಾಗೆಯೇ ಕೂರಿಸಿದ್ದ. ಆದರೆ ಬಲಗಡೆಗೆ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ತನ್ನ ಬಾಯಿಯೂ ಅಷ್ಟೆ. ಅವನು ತನ್ನ ಹಲ್ಲು ಕಂಡಿದ್ದೆಲ್ಲ ಕನ್ನಡಿಯಲ್ಲಿ. ಕನ್ನಡಿಯಲ್ಲಿ ಯಾವ ಕಡೆ ಕಂಡಿತ್ತೋ, ಎದುರಿಗಿಟ್ಟುಕೊಂಡ ಮೇಣದ ದವಡೆಯಲ್ಲೂ ಅದೇ ಕಡೆಗೆ ಕೂರಿಸಿಬಿಟ್ಟಿದ್ದ. ಊರಿನವರ ಬಾಯಿಗೆಲ್ಲ ಮಾಡಿಕೊಟ್ಟವನು ತನ್ನ ಬಾಯಿಗೆ ಮಾಡುವಾಗ ಎಡಬಲ ತಪ್ಪಿದ್ದ. ಅವನನ್ನು ಕನ್ನಡಿಯಲ್ಲಿ ಅಲ್ಲದೆ ಎದುರಿಗೇ ಕೂತು, ಮಂಗಳವಾರದ ಮೇಲೆ ಮಂಗಳವಾರ ನೋಡಿದವಳು ಲೋಕದಲ್ಲಿ ಒಬ್ಬಳೇ.

ಹೇಳಲೆಂದು ಬಾಯಿ ತೆರೆದಳು. ಮುಚ್ಚಿದಳು. ಯಾರದೋ ಮುದುಕಿಯ ಬಾಯಿಂದ ಬಂದ ಟಕ್ ಸದ್ದಿಗೆ ಊಟ ಬಿಟ್ಟು ಎದ್ದು ಹೋಗುವ ಮನುಷ್ಯ. ಹೇಳಿದರೆ ಇಲ್ಲೇ, ಈ ಮೀನಿನ ತಟ್ಟೆಯ ಮೇಲೆ ಸೆಟ್ ತೆಗೆದಿಡುತ್ತಾನೆ. ಮತ್ತೆ ಮೇಣ, ಮತ್ತೆ ಕರವಸ್ತ್ರ, ಮತ್ತೆ ಆ ಗಾಜು. ಅವನು ಆಗ ಬೆಕ್ಕಿನ ಹಿಂದೆ ಓಡಿದ ಪೊಲೀಸಪ್ಪನನ್ನು ಅಭಿನಯಿಸಿ ತೋರಿಸುತ್ತಿದ್ದ. ಅವಳು ಮುಳ್ಳು ಬಿಡಿಸಿದ ಮೀನನ್ನು ಅವನ ತಟ್ಟೆಗೆ ಹಾಕಿ, "ಬೆಕ್ಕು ಸಿಕ್ತಾ?" ಎಂದಳು.

ಹಾಗೆ ಕೆಲವು ಮಂಗಳವಾರಗಳು ಕಳೆದವು. ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಬಾಯಿ ಮುಚ್ಚಿಕೊಂಡಿರುವುದೂ ಕೆಲಸವೇ. ಒಂದು ಸಂಜೆ ಮೆಟ್ಟಿಲು ಹತ್ತುವಾಗ ಅವನೇ ಕೇಳಿದ.

"ಹ್ಞೂ, ಹೇಳು. ಇವತ್ತಿನ ದೂರು?"

"ಸೂಪಿಗೆ ಉಪ್ಪು ಜಾಸ್ತಿ."

"ಅದು ಹೋದ ವಾರದ್ದು. ನಾನು ನೋಡ್ತಾನೇ ಇದ್ದೀನಿ, ಏನೋ ಹೇಳೋಕೆ ಬಾಯಿ ತೆಗೀತೀಯ, ಮುಚ್ತೀಯ. ತೊಟ್ಟಿಯಲ್ಲಿರೋ ಮೀನಿನ ಹಾಗೆ."

ಅವಳು ಕಂಬಿ ಹಿಡಿದು ನಿಂತಳು. "ಹೇಳಿದ್ರೆ ನೀವು ಬಾಯಿ ಮುಚ್ಕೊಂಡು ಕೂತ್ಕೋಬಾರದು."

"ಇಲ್ಲ, ಹೇಳು."

"ನಿಮ್ಮ ಸೊಟ್ಟ ಹಲ್ಲು ಈ ಕಡೆ ಇರ್ಲಿಲ್ಲ ರೀ. ಆ ಕಡೆ ಇತ್ತು."

ಹಲ್ಲಣ್ಣ ಮೆಟ್ಟಿಲ ಮೇಲೆ ಕೂತ. ಏದುಸಿರು ಆಗಲೇ ಶುರುವಾಗಿತ್ತು. ಸುಧಾರಿಸಿಕೊಂಡು ಹೇಳಿದ: "ಗೊತ್ತು."

"ಗೊತ್ತಾ! ಯಾವಾಗಿಂದ?"

"ಹಾಕ್ಕೊಂಡ ದಿನಾನೇ. ಡಾಕ್ಟ್ರು ಕನ್ನಡಿ ಕೊಟ್ರು. ನೋಡಿದ್ರೆ ನನ್ನ ತಮ್ಮನೋ ಯಾರೋ ನಗ್ತಿದ್ದ ಹಾಗಿತ್ತು. ನಂಗೆ ತಮ್ಮ ಎಲ್ಲಿದ್ದಾನೆ?"

"ಮತ್ತೆ ಬಿಚ್ಚಿ ಸರಿ ಮಾಡ್ಲಿಲ್ಲ ಯಾಕೆ? ಊರೋರ ಬಾಯಿಗೆಲ್ಲ ಅರ ಹಿಡ್ಕೊಂಡು ಓಡೋರು ನೀವು!"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ಅವತ್ತು ಮಂಗಳವಾರ ಆಗಿತ್ತಲ್ಲೇ."

ಕೌಂಟರಮ್ಮ ಅಲ್ಲೇ, ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತಳು. ಇಷ್ಟು ವರ್ಷ ತಾನು ಅವನನ್ನು ಕೈಹಿಡಿದು ಎಳೆದುಕೊಂಡು ಹೋಗುತ್ತಿದ್ದೇನೆ, ತನಗಾಗಿ ಅವನು ಬರುತ್ತಿದ್ದಾನೆ ಎಂದೇ ತಿಳಿದಿದ್ದಳು. ಎರಡನೇ ಮಹಡಿಯವರು ಬಾಗಿಲು ತೆಗೆದು, "ಏನಾಯ್ತು, ಯಾರಾದ್ರೂ ಬಿದ್ರಾ?" ಎಂದು ಕೇಳಿದರು. ಇವರಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು, ಉತ್ತರ ಹೇಳಲಾಗದಷ್ಟು.

ಆ ಹಲ್ಲನ್ನು ಅವನು ಕೊನೆಗೂ ಸರಿಮಾಡಲಿಲ್ಲ. ಬೇರೆ ಯಾರಿಗೂ ಅದು ಗೊತ್ತೂ ಆಗಲಿಲ್ಲ. ನಮಗೆ ಆಕೆ ಹೇಳಿದ್ದು ಅವನು ಹೋದ ಮೇಲೆ.

ಏದುಸಿರು ಹೆಚ್ಚಿತು. ಕೋಣೆಯ ಅಷ್ಟು ವರ್ಷಗಳ ಧೂಳು ಎದೆಯಲ್ಲಿ ಕೂತಿದೆ, ಕೆಲಸ ಬಿಡಬೇಕು ಎಂದರು ಡಾಕ್ಟರು. ಬಿಟ್ಟ. ಮೊದಲು ಮೂರು ನಿಲ್ದಾಣ ಆಚೆಯ ಹೋಟೆಲುಗಳು ಹೋದವು, ಆಮೇಲೆ ಬಸ್ಸು ಹತ್ತಿ ಹೋಗುವಂಥವು, ಆಮೇಲೆ ಮೆಟ್ಟಿಲು ಇರುವಂಥವು. ಮನೆಯ ಮೂರು ಮಹಡಿ ಹತ್ತುವುದಕ್ಕೇ ಅವನ ಉಸಿರೆಲ್ಲ ಬೇಕಾಗುತ್ತಿತ್ತು. ಕೌಂಟರಮ್ಮ ಈಗ ಹೋಟೆಲಿನ ಊಟ ಹೇಗಿದೆ ಎಂದು ಕೇಳುತ್ತಿರಲಿಲ್ಲ, ಬಾಗಿಲಿಗೆ ಎಷ್ಟು ಮೆಟ್ಟಿಲಿವೆ ಎಂದು ಕೇಳುತ್ತಿದ್ದಳು. ಆದರೂ ಅವನು ಬರುತ್ತಿದ್ದ, ನಿಂತು ನಿಂತು, ಅಂಗಡಿಗಳ ಗಾಜಿನೊಳಗೆ ಏನೋ ನೋಡುವವನ ಹಾಗೆ ನಟಿಸುತ್ತ. ಕೊನೆಗೆ ಒಂದು ಭಾನುವಾರ ಆಸ್ಪತ್ರೆಗೆ ಸೇರಿಸಬೇಕಾಯಿತು.

ಮಂಗಳವಾರ ಸಂಜೆ ಅವನು ಮೂಗಿನ ಕೊಳವೆಯ ಆಚೆಯಿಂದ ಕೇಳಿದ: "ಇವತ್ತೆಲ್ಲಿಗೆ?"

ದಿಂಬು ಸರಿಮಾಡುತ್ತಿದ್ದ ನರ್ಸಮ್ಮ, "ಎಲ್ಲಿಗೆ ಹೋಗ್ತೀರಾ ಅಂಕಲ್? ಕೆಳಗೆ ನಮ್ಮ ಕ್ಯಾಂಟೀನ್ ಇದೆ, ಅಷ್ಟೇ" ಎಂದಳು ತಮಾಷೆಗೆ.

"ಅಲ್ಲಿಗೆ ಹೋಗಿಲ್ಲ" ಎಂದ ಹಲ್ಲಣ್ಣ.

ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಆಮ್ಲಜನಕದ ಸಿಲಿಂಡರನ್ನು ಹಿಂದೆ ಕಟ್ಟಿ, ಲಿಫ್ಟಿನಲ್ಲಿ ಕೆಳಗಿಳಿಸಿದರು. ನರ್ಸಮ್ಮ ಸ್ವಲ್ಪ ಹೊತ್ತು ಮಾತ್ರ ಎಂದು ಬೆರಳೆತ್ತಿ ಹೇಳಿ ಹೋದಳು. ನೆಲಮಾಳಿಗೆಯ ಕ್ಯಾಂಟೀನು. ಕಿಟಕಿಯಿಲ್ಲ. ಹಸಿರು ಬಣ್ಣದ ಗೋಡೆ, ತಗಡಿನ ಮೇಜುಗಳು, ಮೂಲೆಯಲ್ಲಿ ಮಿಕ್ಸಿಯ ಸದ್ದು, ಒಂದು ಮೇಜಿನ ಮೇಲೆ ತಲೆಯಿಟ್ಟು ಮಲಗಿದ ಯಾರದೋ ಸಂಬಂಧಿಕ. ಹಲ್ಲಣ್ಣ ಗೋಡೆಯ ಮೇಲಿನ ಪಟ್ಟಿ ಓದಿ, ಇಬ್ಬರಿಗೂ ತರಕಾರಿ ಸೂಪು, ಬ್ರೆಡ್ಡು ಎಂದು ಕೈಸನ್ನೆ ಮಾಡಿದ. ಬಟ್ಟಲುಗಳು ಬಂದವು. ಅವನು ಹಸಿರು ಗೋಡೆಯನ್ನು ಮೆಚ್ಚುಗೆಯಿಂದ ನೋಡಿ, ಎಂದಿನಂತೆ ಶುರುಮಾಡಲು ಬಾಯಿ ತೆರೆದ.

"ಒಂದ್ಸಲ... ಆ ಡಾಕ್ಟ್ರು..."

ಉಸಿರು ಸಾಲಲಿಲ್ಲ. ಮತ್ತೆ ಪ್ರಯತ್ನಿಸಿದ. ಎರಡೇ ಪದ. ಕೆಮ್ಮು. ಅವಳ ಕಡೆ ನೋಡಿ, ಆಗಲ್ಲ ಎನ್ನುವ ಹಾಗೆ ಕೈ ಚೆಲ್ಲಿದ.

ಹೊಸ ಗೋಡೆಯ ಮುಂದೆ ಅವನು ಸುಮ್ಮನೆ ಕೂತದ್ದು ಇದೇ ಮೊದಲು. ಇಷ್ಟು ವರ್ಷ ಊರೂರು ಅಲೆದು, ಗಾಜಿನ ತೂತಿನಲ್ಲಿ ಸಿಕ್ಕಸಿಕ್ಕವರನ್ನು ಕೇಳಿ, ಅವಳು ಕಾಯ್ದುಕೊಂಡು ಬಂದದ್ದು ಈ ಒಂದನ್ನು. ಅದು ಈಗ ಕಣ್ಣೆದುರಿಗೇ ನಿಂತುಹೋಗುತ್ತಿತ್ತು. ಅವಳು ಚಮಚ ಎತ್ತಿದಳು, ಇಟ್ಟಳು. ಗಂಟಲು ಸರಿಮಾಡಿಕೊಂಡಳು.

"ನಾನು ಹೇಳ್ತೀನಿ, ಕೇಳಿ. ನೀವು ಸೂಪು ಕುಡೀರಿ" ಎಂದಳು.

ಕೌಂಟರಿನ ಕಥೆಗಳನ್ನು ಅವಳು ಅವನಿಗೆ ಹೇಳಿರಲೇ ಇಲ್ಲ. ದಿನವಿಡೀ ಮಾತಾಡಿ ಬಂದವಳಿಗೆ ಮಂಗಳವಾರ ಕೇಳುವುದಷ್ಟೇ ಬೇಕಾಗಿತ್ತು. ಈಗ ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾಗದೆ, ಹೋದ ವಾರದ್ದನ್ನೇ ಹಿಡಿದಳು.

"ಒಬ್ಬರು ಯಜಮಾನರು ಬಂದ್ರು. ಕೈಯಲ್ಲೊಂದು ಹೂಕುಂಡ. ಎಲ್ಲಿಗೆ ಅಂದೆ. 'ಅದೇ, ನನ್ನ ತಂಗಿ ಊರಿಗೆ' ಅಂದ್ರು. ಯಾವ ಊರು ಸ್ವಾಮಿ ಅಂದೆ. ಮರ್ತುಹೋಗಿದೆ! 'ಸ್ಟೇಷನ್ ಎದುರಿಗೆ ಎತ್ತರದ ಚಿಮಣಿ ಇದೆಯಮ್ಮಾ, ಹೊಗೆ ಬರ್ತಿರುತ್ತೆ' ಅಂತಾರೆ. ಹಿಂದೆ ಸಾಲು ಹಾವಿನ ಹಾಗೆ ಬೆಳೀತಿದೆ. ಒಬ್ಬ ಅಂದ, ಚಿಮಣಿ ಇರೋದು ನಮ್ಮೂರಲ್ಲಿ. ಇನ್ನೊಬ್ಬಳು, ಅದು ಕೆಡವಿ ಮೂರು ವರ್ಷ ಆಯ್ತು, ಸಕ್ಕರೆ ಕಾರ್ಖಾನೆ ಇರೋದು ನಮ್ಮೂರಲ್ಲಿ ಅಂದ್ಲು. ಅವರಿಬ್ರಿಗೂ ಜಗಳ ಶುರು. ಯಜಮಾನರು ಹೂಕುಂಡ ನನ್ನ ಕಡೆ ತಿರುಗಿಸಿ, 'ನನ್ನ ತಂಗಿಗೆ ಈ ಹೂ ಅಂದ್ರೆ ಪ್ರಾಣ. ಈ ಹೂ ತಗೊಂಡು ಬರೋ ಅಣ್ಣ ಅಂತ ನಾನಲ್ದೆ ಇನ್ಯಾರೂ ಇಲ್ಲ, ಅವಳನ್ನೇ ಕೇಳಿ ನೋಡಿ' ಅಂತಾರೆ. ಅವರ ತಂಗೀನ ನಾನೆಲ್ಲಿ ಕೇಳಲಿ? ರೈಲು ಆಗ್ಲೇ ಪ್ಲಾಟ್‌ಫಾರ್ಮಿಗೆ ಬಂದು ನಿಂತಿದೆ..."

ಅವಳು ಕೈಯಾಡಿಸುತ್ತ ಹೇಳುತ್ತಿದ್ದಳು. ಸೂಪು ಮುಟ್ಟಿರಲಿಲ್ಲ. ಹಲ್ಲಣ್ಣ ತನ್ನ ಬ್ರೆಡ್ಡಿನ ತಟ್ಟೆಯನ್ನು ಖಾಲಿ ಮಾಡಿ, ಅದನ್ನು ಎರಡೂ ಕೈಯಲ್ಲಿ ಎತ್ತಿ, ಅವಳ ಸೂಪು ಆರದಂತೆ ಬಟ್ಟಲಿನ ಮೇಲೆ ಮುಚ್ಚಿ, "ಆಮೇಲೆ?" ಎಂದ.